ಬಿರಿಯುವ ನೆಲದ ಮೇಲೊಂದು ಮಹಾಸಭೆ

ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 45 ಕಿಲೋಮೀಟರು ಸಾಗಿದರೆ ಥಿಂಗ್‌ವೆಲ್ಲಿರ್ ಕಣಿವೆ ಎದುರಾಗುತ್ತದೆ. ಪಶ್ಚಿಮಕ್ಕೆ ಕೋಟೆಯ ಗೋಡೆಯಂತೆ ಕರಿಬಂಡೆಗಳ ಸಾಲು. ಅದರ ಮಗ್ಗುಲಲ್ಲಿ ಅಲ್ಮನ್ನಗ್ಯಾ ಎಂಬ ಕಂದರ. ಕ್ರಿ.ಶ. 930ರಲ್ಲಿ ಆ ನಾಡಿನ ಜನ ತಮ್ಮ ಮಹಾಸಭೆಯನ್ನು ನೆರೆಯಿಸಿದ್ದು ಇಲ್ಲಿಯೇ. ಕಾಲಡಿಯ ನೆಲ ಬಿರಿಯುತ್ತಿದೆಯೆಂದು ಅವರಿಗೆ ಹೇಗೆ ತಿಳಿಯಬೇಕು!

ಅಟ್ಲಾಂಟಿಕ್ ಸಾಗರದ ನಡುವೆ ಉತ್ತರ ದಕ್ಷಿಣವಾಗಿ ಹಬ್ಬಿದ ಪರ್ವತಶ್ರೇಣಿಯು ಈ ದ್ವೀಪದಲ್ಲಿ ನೀರಿನಿಂದ ಮೇಲೆದ್ದಿದೆ. ಅದರ ಎರಡು ಪಕ್ಕದ ಭೂಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ದೂರ ಸರಿಯುತ್ತವೆ. ಬಿರುಕಿನಲ್ಲಿ ಶಿಲಾರಸ ಉಕ್ಕಿ, ಹೆಪ್ಪುಗಟ್ಟಿ, ಹೊಸ ನೆಲವಾಗುತ್ತದೆ. ಮೊದಲ ಸಭೆಯಿಂದೀಚೆಗೆ ದ್ವೀಪವು ಈ ಲೆಕ್ಕದಲ್ಲಿ 20 ಮೀಟರಿನಷ್ಟು ಅಗಲವಾಗಿದೆ.

ಈ ಸರಿತದ ವೇಗವೇ ಕಡಲತಳದ ಮೈಯನ್ನು ರೂಪಿಸುತ್ತದೆ. ಅಟ್ಲಾಂಟಿಕ್‌ನ ಆಳದಲ್ಲಿ ಸರಿತ ನಿಧಾನ, ಶಿಲಾರಸವೂ ಮಿತ. ತಣಿದು ದಪ್ಪವಾದ ನೆಲ ದೊಡ್ಡ ಹೋಳುಗಳಾಗಿ ಒಡೆದು ಕುಸಿಯುತ್ತದೆ. ಆಳವಾದ ಕಣಿವೆ, ನೂರಾರು ಮೀಟರು ಎತ್ತರದ ಗುಡ್ಡಗಳು ಹುಟ್ಟುತ್ತವೆ. ಪೂರ್ವ ಪೆಸಿಫಿಕ್‌ನಲ್ಲಾದರೋ ವೇಗವು ಕೆಲವೆಡೆ ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು. ಅಲ್ಲಿ ಶಿಲಾರಸ ಧಾರಾಳ. ನೆಲ ಬಿಸಿ, ತೆಳು. ಆದುದರಿಂದ ಗುಡ್ಡಗಳು ತಗ್ಗು, ತಳ ನಯ. ನಿಧಾನವೇ ಪ್ರಧಾನವೆನ್ನುವ ನಮಗೆ ಇದು ಸೋಜಿಗವಲ್ಲವೆ? ಸಾಗರದಲ್ಲಿ ನಿಧಾನಿಯ ಕೆಲಸವೇ ಒರಟು!

ಅಂಥ ಕಣಿವೆಯ ಹೋಲಿಕೆಯನ್ನು ಥಿಂಗ್‌ವೆಲ್ಲಿರ್‌ನಲ್ಲಿ ಕಾಲು ನೆನೆಯದೆ ನೋಡಬಹುದು. 1789ರ ಭೂಕಂಪಗಳಲ್ಲಿ ಅದರ ತಳ ಮತ್ತಷ್ಟು ಕುಸಿಯಿತು. 1798ರ ಅನಂತರ ಸಭೆ ಅಲ್ಲಿ ಸೇರಲಿಲ್ಲ. ಆದರೂ 1944ರ ಜೂನ್ 17ರಂದು, ಸ್ವತಂತ್ರ ಗಣರಾಜ್ಯವನ್ನು ಸಾರಲು, ಜನರು ಮಳೆಯಲ್ಲಿ ನೆನೆಯುತ್ತ ನೆರೆದುದು ಆ ಬಿರುಕಿನ ಅಂಚಿನಲ್ಲಿಯೇ.