ಬೆಂಕಿಯಿಂದ ಬಂದ ಕರು

ಬೈಬಲಿನ ವಿಮೋಚನಕಾಂಡದ 32ನೇ ಅಧ್ಯಾಯ ಓದಿ ನೋಡಿ. ಜನರ ಕಿವಿಯೋಲೆಗಳನ್ನು ತರಿಸಿಕೊಂಡು, ಉಳಿ ಹಿಡಿದು ಚಿನ್ನದ ಕರುವನ್ನು ರೂಪಿಸಿದವನು ಆರೋನ. ಮೋಶೆ ಕೇಳಿದಾಗ ಮೊದಲು ಜನರನ್ನು ದೂರಿದ. ಆಮೇಲೆ, ಚಿನ್ನವನ್ನು ಬೆಂಕಿಗೆ ಹಾಕಿದೆ, ಈ ಕರು ಬಂತು ಅಂದುಬಿಟ್ಟ. ಉಳಿಯ ಮಾತೇ ಇಲ್ಲ!

ನಮ್ಮ ಸಭೆಗಳಲ್ಲಿ ಅನ್ಯಾಯವಾದಾಗಲೂ ಅಷ್ಟೇ. 'ಹೇಗೋ ಆಗಿಹೋಯಿತು, ಸೈತಾನನ ಕೆಲಸ, ಕ್ಷಮಿಸಿಬಿಡಿ' ಎನ್ನುತ್ತೇವೆ. ನೊಂದವರ ಬಾಯಿ ಮುಚ್ಚಿಸುವುದು ಕ್ಷಮೆಯಲ್ಲ.

ಊರೀಯನನ್ನು ಕೊಲ್ಲಿಸಿದ ದಾವೀದನ ಎದುರು ನಿಂತು, ತಪ್ಪಿತಸ್ಥ ರಾಜನೇ ಎಂದು ಪ್ರವಾದಿ ನಾತಾನ ಮುಖಕ್ಕೇ ಹೇಳಿದ. ದಾವೀದ ನೆಪ ಹೇಳದೆ ಪಾಪ ಒಪ್ಪಿಕೊಂಡ. ನಾತಾನನ ಆ ದಿಟ್ಟತನವಿಲ್ಲದಿದ್ದರೆ ಪಶ್ಚಾತ್ತಾಪ ಎಲ್ಲಿಂದ ಬರಬೇಕಿತ್ತು? ನ್ಯಾಯ ಕೇಳುವವರನ್ನು ಸಭೆ ಒಡೆಯುವವರು ಎನ್ನಬೇಡಿ. ಅವರ ಜೊತೆ ನಿಲ್ಲಿ.