ಹೊಳೆಯಾಚೆಯ ಈಜುಗಾರ

ನಮ್ಮ ಅಂಕಲಿಯವರಿಗೆ ಕೃಷ್ಣೆ ಗೊತ್ತು, ಈಜೂ ಗೊತ್ತು. ಇದೇ ಹೊಳೆಯ ಸೀಮೆ, ಸಾಂಗಲಿ ಜಿಲ್ಲೆಯ ಪೇಠ ಊರಿನವರು ಮುರಳಿಕಾಂತ ಪೇಟಕರ. ಸೈನ್ಯದಲ್ಲಿ ಬಾಕ್ಸಿಂಗ್ ಆಡುತ್ತಿದ್ದವರು. 1965ರ ಯುದ್ಧದಲ್ಲಿ ಗುಂಡು ಬಿದ್ದು ಕಾಲಿನ ಸ್ವಾಧೀನ ಹೋಯಿತು. ಚಿಕಿತ್ಸೆಗೆಂದು ನೀರಿಗಿಳಿದರು. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿ ಭಾರತಕ್ಕೆ ಮೊದಲ ಚಿನ್ನ ತಂದರು. ಪದ್ಮಶ್ರೀ ಬಂದದ್ದು 2018ರಲ್ಲಿ, 46 ವರ್ಷದ ಮೇಲೆ.

ನಾವು ಸುದ್ದಿಗೆ ಹೋಗುವ ಶಾಲಾ ಕ್ರೀಡಾಕೂಟಗಳಲ್ಲಿ ಕಾಲು ಊನವಾದ ಮಕ್ಕಳು ಉಳಿದವರ ಚಪ್ಪಲಿ ಕಾಯುತ್ತ ಕೂತಿರುತ್ತಾರೆ. "ಬಿದ್ದು ಪೆಟ್ಟಾದರೆ ಯಾರು ಹೊಣೆ?" ಅಂತಾರೆ. ಓಡುವ ಮಕ್ಕಳೂ ಬೀಳ್ತಾರಲ್ಲ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟದಲ್ಲೂ ಅವರಿಗೆ ಪಾಲು ಇಟ್ಟಿದೆ. ಈ ಸಲ ನಿಮ್ಮೂರ ಶಾಲೆಯಲ್ಲಿ ಕೇಳಿ: ಕೂತು ಗುಂಡು ಎಸೆಯುವವರ ಸ್ಪರ್ಧೆ ಇದೆಯೇ? ಶುರು ಮಾಡಲಿಕ್ಕೆ ಒಂದು ಗಟ್ಟಿ ಕುರ್ಚಿ ಸಾಕು.