ಬರಿಮೈಯ ಬಂಡಿಗೆ ಹೊಸ ಉಡುಪು

ಲಂಡನ್ ಮಹಾನಗರದ ಉತ್ತರದಲ್ಲಿ ಹಾರ್ನ್‌ಸೀ ಎಂಬುದೊಂದು ಬಡಾವಣೆ. ರಾಜಧಾನಿಯ ಅರಮನೆ ಗೋಪುರಗಳನ್ನು ನೋಡಲು ಬಂದ ಪ್ರವಾಸಿಗಳು ಅತ್ತ ಸುಳಿಯುವುದು ಅಪರೂಪ. ಆದರೆ ಮೋಟಾರು ಬಂಡಿಗಳ ಚರಿತ್ರೆಯನ್ನು ಬಲ್ಲವರಿಗೆ ಅದೊಂದು ಕ್ಷೇತ್ರವೇ ಸರಿ. ಅಲ್ಲಿದ್ದ ರೈಲ್ವೆ ಹೋಟೆಲ್ ಎಂಬ ಪಾನಗೃಹದ ಹಿತ್ತಲಿನಲ್ಲಿ, ಹಿಂದೆ ಕುದುರೆಗಳನ್ನು ಕಟ್ಟುತ್ತಿದ್ದ ಲಾಯದಲ್ಲಿ, ಕಾಲಿನ್ ಚಾಪ್‌ಮನ್ ಎಂಬ ತರುಣನು 1950ರ ದಶಕದ ಆರಂಭದಲ್ಲಿ ತನ್ನ ಕಾರ್ಖಾನೆಯನ್ನು ಹೂಡಿದನು. ಪಾನಗೃಹವನ್ನು ನಡೆಸುತ್ತಿದ್ದವನು ಅವನ ತಂದೆ. ಮಗನು ತನ್ನ ಬಂಡಿಗಳಿಗೆ ಇಟ್ಟ ಹೆಸರು ಲೋಟಸ್, ಎಂದರೆ ಕಮಲ. ಲಾಯದಲ್ಲಿ ಅರಳಿದ ಕಮಲವೆಂದು ನಾವು ನಗಬಹುದು. ಲೋಕವು ಬಹುಬೇಗ ನಗುವುದನ್ನು ನಿಲ್ಲಿಸಿತು.

1957ರಲ್ಲಿ ಈ ಕಾರ್ಖಾನೆಯಿಂದ ಹೊರಬಂದ ಲೋಟಸ್ ಸೆವೆನ್ ಎಂಬ ಪುಟ್ಟ ಓಟದ ಕಾರಿನ ತೂಕ ಸುಮಾರು 500 ಕಿಲೋಗ್ರಾಂ. ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟಿದ ಪಂಜರ, ಅದರ ಮೇಲೆ ಹೊದಿಸಿದ ಅಲ್ಯುಮಿನಿಯಂ ತಗಡು, ಇಬ್ಬರಿಗೆ ಮಾತ್ರ ಇಕ್ಕಟ್ಟಾದ ಆಸನ, ಮೈಯಿಂದ ಹೊರಗೆ ನಿಂತ ಮುಂಗಾಲಿಗಳು. ಬಾಗಿಲಿಲ್ಲ, ಮಾಡಿಲ್ಲ, ಆಡಂಬರವಂತೂ ಇಲ್ಲವೇ ಇಲ್ಲ. ಕುಳಿತವನು ಕೈ ಇಳಿಬಿಟ್ಟರೆ ನೆಲ ಮುಟ್ಟುತ್ತದೆ. ಸಿದ್ಧವಾದ ಕಾರಿನ ಬೆಲೆ ತೆರಿಗೆಯೂ ಸೇರಿ 1,036 ಪೌಂಡು; ಬಿಡಿಭಾಗಗಳ ಪೆಟ್ಟಿಗೆಯಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ 536 ಪೌಂಡು. ಬಿಡಿಭಾಗಗಳಿಗೆ ಖರೀದಿ ತೆರಿಗೆ ಇರಲಿಲ್ಲ. ಜೋಡಿಸುವ ವಿಧಾನವನ್ನು ಪೆಟ್ಟಿಗೆಯೊಡನೆ ಕೊಡಬಾರದೆಂಬ ಕಟ್ಟಳೆಯಿದ್ದುದರಿಂದ ಕಾರ್ಖಾನೆಯವರು ಬಿಚ್ಚುವ ವಿಧಾನವನ್ನು ಅಚ್ಚುಹಾಕಿ ಕೊಟ್ಟರೆಂದೂ, ಕೊಂಡವರು ಅದನ್ನು ಹಿಂದುಮುಂದಾಗಿ ಓದಿಕೊಂಡರೆಂದೂ ಹೇಳುತ್ತಾರೆ. ಹಣವಿಲ್ಲದ ಉತ್ಸಾಹಿಗಳಿಗೆ ಇದು ವರವಾಯಿತು.

ಈ ಬಂಡಿಯನ್ನು ಕಾಣುವ ಅವಕಾಶ ನನಗೆ ಒದಗಿದ್ದು ಕಳೆದ ಬೇಸಗೆಯಲ್ಲಿ, ಕನ್ನಡಿಗರ ಕೂಟವೊಂದರ ಕರೆಯ ಮೇಲೆ ಇಂಗ್ಲೆಂಡಿಗೆ ಹೋದಾಗ. ಹಿಂದೆ ನನ್ನ ತರಗತಿಯಲ್ಲಿ ಕನ್ನಡ ಓದಿದ ಹುಡುಗನೊಬ್ಬ ಕಾವೆಂಟ್ರಿಯಲ್ಲಿ ವಾಹನಗಳ ರೂಪವಿನ್ಯಾಸವನ್ನು ಕಲಿಯುತ್ತಿದ್ದಾನೆ. ಸೆವೆನ್ ಕಾರಿನ ಪಂಜರಕ್ಕೆ ಈ ಕಾಲಕ್ಕೆ ಒಪ್ಪುವ ಹೊಸ ಮೈಯೊಂದನ್ನು ರಚಿಸುವುದು ಅವನು ಕೊನೆಯ ವರ್ಷಕ್ಕೆ ತಾನಾಗಿ ಆರಿಸಿಕೊಂಡ ಕೆಲಸ. ಮೇಜಿನ ಮೇಲೆ ಕಾಲುಭಾಗದ ಅಳತೆಯಲ್ಲಿ ಜೇಡಿಯ ಮಾದರಿ ನಿಂತಿತ್ತು. ನುಣುಪಾದ ಬೆನ್ನು, ಮುಚ್ಚಿದ ಗಾಲಿಗಳು. ನೀರಿನಿಂದ ಆಗತಾನೆ ಎದ್ದ ಮೀನಿನಂತೆ ಕಾಣುತ್ತಿತ್ತು.

“ಚೆನ್ನಾಗಿದೆಯಲ್ಲಪ್ಪ, ಇನ್ನೇನು ಚಿಂತೆ?” ಎಂದೆ.

“ಚೆನ್ನಾಗಿರುವುದೇ ಚಿಂತೆ, ಸಾರ್. ಇದು ಸೆವೆನ್ ಅಲ್ಲ” ಎಂದ.

ಅವನ ಕಷ್ಟ ನನಗೆ ತಿಳಿಯಲು ಒಂದು ಸಂಜೆ ಬೇಕಾಯಿತು. ಹಳೆಯ ಸೆವೆನ್ ಗಾಳಿಯನ್ನು ಸೀಳಿಕೊಂಡು ಹೋಗುವುದಿಲ್ಲ, ಗುದ್ದಿಕೊಂಡು ಹೋಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಮಡಿಯಾಗುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಮಡಿ. ಈ ತಡೆಯನ್ನು ಅಳೆಯುವ ಗುಣಾಂಕವು ಸೆವೆನ್ ಕಾರಿಗೆ ಸುಮಾರು 0.6ರಿಂದ 0.7. ಅದೇ 1957ರಲ್ಲಿ ಅದೇ ಲೋಟಸ್ ಸಂಸ್ಥೆ ತೋರಿಸಿದ ಎಲೀಟ್ ಎಂಬ ಮುಚ್ಚುಮೈಯ ಕಾರಿಗೆ ಅದು ಕೇವಲ 0.29. ಹಾಗಾದರೆ ಸೆವೆನ್‌ನ ಮೈಯನ್ನೂ ಮುಚ್ಚಿದರಾಯಿತಲ್ಲ ಎನ್ನಬಹುದು. ಆದರೆ ಮುಂಗಾಲಿಗಳು ಹೊರಳಲು ಎಡೆ ಬೇಕು. ಅವನ್ನು ಮುಚ್ಚಿದರೆ ಮೈ ಅಗಲವಾಗುತ್ತದೆ. ಅಗಲವಾದ ಮೈಗೆ ಬಾಗಿಲು ಬೇಕು. ಬಾಗಿಲು ಇಡೋಣವೆಂದರೆ ಪಕ್ಕದ ಕೊಳವೆಗಳೇ ಪಂಜರದ ಬಲ. ಕತ್ತರಿಸಿದರೆ ಬಂಡಿ ಬಳುಕುತ್ತದೆ, ಉಳಿಸಿದರೆ ಎತ್ತರದ ಹೊಸ್ತಿಲನ್ನು ದಾಟಿ ಒಳಗಿಳಿಯಬೇಕು. ಇಷ್ಟೆಲ್ಲ ಮಾಡುವಷ್ಟರಲ್ಲಿ ತೂಕ ಏರಿರುತ್ತದೆ. ಹಗುರವೇ ಆ ಬಂಡಿಯ ಪ್ರಾಣ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಹಳೆಯ ಮೈಯ ಬಹುಭಾಗ ಚಪ್ಪಟೆ ತಗಡು, ಇಲ್ಲವೆ ಒಂದೇ ದಿಕ್ಕಿಗೆ ಬಾಗಿದ ತಗಡು. ಕಾಗದವನ್ನು ಸುರುಳಿ ಸುತ್ತಿದಂತೆ ಅದನ್ನು ಸಣ್ಣ ಕಾರ್ಖಾನೆಯಲ್ಲಿಯೂ ಬಾಗಿಸಬಹುದು. ಎರಡೂ ದಿಕ್ಕಿಗೆ ಉಬ್ಬಿದ ಮೈ, ಮಾವಿನಹಣ್ಣಿನ ಕೆನ್ನೆಯಂಥದು, ಬೇಕಾದರೆ ನುರಿತ ಕುಶಲಿಯು ದಿನಗಟ್ಟಲೆ ತಗಡನ್ನು ಬಡಿಯಬೇಕು. ಇಲ್ಲವೆ ಅಚ್ಚು ಮಾಡಿಸಿ ಫೈಬರ್‌ಗ್ಲಾಸಿನಲ್ಲಿ ಎರಕ ತೆಗೆಯಬೇಕು. ಅಚ್ಚಿಗೆ ಹಣ ಬೇಕು. ಆ ಹಣ ಹುಟ್ಟಬೇಕಾದರೆ ಹೆಚ್ಚು ಬಂಡಿಗಳು ಮಾರಾಟವಾಗಬೇಕು. ಆ ಆಕಾರವನ್ನು ಬಡತನ ರೂಪಿಸಿತ್ತು. ಅದನ್ನು ಬದಲಾಯಿಸಲು ಸಿರಿತನ ಬೇಕಾಗಿತ್ತು.

ಮರುವಾರ ಹುಡುಗ ನನ್ನನ್ನು ನಾರ್ಫಕ್ ಪ್ರಾಂತದ ಹೆತೆಲ್ ಎಂಬ ಹಳ್ಳಿಗೆ ಕರೆದೊಯ್ದ. ಕಣ್ಣೆತ್ತಿದತ್ತ ಸಮನೆಲ, ಹೊಲಗಳು, ತಡೆಯಿಲ್ಲದೆ ಬೀಸುವ ಗಾಳಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಲಿಬರೇಟರ್ ಬಾಂಬು ವಿಮಾನಗಳು ಹಾರುತ್ತಿದ್ದುದು ಇಲ್ಲಿಂದ. 1966ರಲ್ಲಿ ಲೋಟಸ್ ಸಂಸ್ಥೆ ಇಲ್ಲಿಗೆ ಬಂದು ನೆಲೆಸಿ, ವಿಮಾನದ ಹಾದಿಯನ್ನು ಕಾರುಗಳ ಪರೀಕ್ಷೆಗೆ ಬಳಸಿಕೊಂಡಿತು. 1970ರಲ್ಲಿ ಸೆವೆನ್‌ಗೆ ಮೊದಲ ಹೊಸ ಉಡುಪನ್ನು ತೊಡಿಸಿದ್ದೂ ಈ ಊರೇ. ನಾಲ್ಕನೆಯ ಸರಣಿ ಎಂದು ಕರೆದ ಆ ಬಂಡಿಗೆ ಫೈಬರ್‌ಗ್ಲಾಸಿನ ಚೌಕಚೌಕನೆಯ ಮೈ, ಹಳೆಯದಕ್ಕಿಂತ ಹೆಚ್ಚಿನ ಅನುಕೂಲ. ಕಡಲತೀರದಲ್ಲಿ ವಿಹರಿಸುವ ಯುವಜನರಿಗೆ ಮೆಚ್ಚಿಕೆಯಾದೀತೆಂಬ ಎಣಿಕೆ ಅದರ ಹಿಂದಿತ್ತು. ಸುಮಾರು 600 ಬಂಡಿಗಳು ತಯಾರಾದವು. ಆದರೆ ಹಳೆಯ ಅಭಿಮಾನಿಗಳು ಮುಖ ತಿರುವಿದರು. ಅತ್ತ ಪೂರಾ ಅನುಕೂಲದ ಕಾರೂ ಅಲ್ಲ, ಇತ್ತ ಬರಿಮೈಯ ವೀರನೂ ಅಲ್ಲ ಎಂಬ ಸ್ಥಿತಿ ಅದರದಾಯಿತು.

1973ರ ಏಪ್ರಿಲಿನಲ್ಲಿ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂತು. ಬಿಡಿಭಾಗಗಳ ಪೆಟ್ಟಿಗೆಗಿದ್ದ ರಿಯಾಯಿತಿ ಮುಗಿಯಿತು. ಅದೇ ವರ್ಷ ಲೋಟಸ್ ಸಂಸ್ಥೆ ಸೆವೆನ್‌ನ ಹಕ್ಕನ್ನು ಗ್ರೇಮ್ ನರ್ನ್ ಎಂಬ ವ್ಯಾಪಾರಿಗೆ ಮಾರಿತು. ಲಂಡನ್ನಿನ ದಕ್ಷಿಣಕ್ಕೆ, ಸುಣ್ಣಕಲ್ಲಿನ ಗುಡ್ಡಗಳ ನಡುವೆ ಇರುವ ಕೇಟರ್‌ಹ್ಯಾಮ್ ಅವನ ಊರು. ಅದೇ ಅವನ ಸಂಸ್ಥೆಯ ಹೆಸರೂ ಆಯಿತು. ಕೆಲಕಾಲ ಹೊಸ ಉಡುಪಿನ ಬಂಡಿಯನ್ನೇ ಮಾರಿ, 1974ರಲ್ಲಿ ಅವನು 1968ರ ಮೂರನೆಯ ಸರಣಿಯ ಆಕಾರಕ್ಕೆ ಮರಳಿದ. ಹಿಂದಕ್ಕೆ ಇಟ್ಟ ಆ ಹೆಜ್ಜೆಯೇ ಬಂಡಿಯನ್ನು ಇಂದಿನವರೆಗೂ ನಡೆಸಿಕೊಂಡು ಬಂದಿದೆ.

1987ರಲ್ಲಿ ಬಂಡಿಗಳ ತಯಾರಿಕೆ ಕೆಂಟ್ ಪ್ರಾಂತದ ಡಾರ್ಟ್‌ಫರ್ಡ್ ಊರಿಗೆ ಹೋಯಿತು. ನಮ್ಮ ಯಾತ್ರೆಯ ಕೊನೆಯ ನಿಲ್ದಾಣವೂ ಅದೇ. ಸೆವೆನ್‌ಗೆ ಎರಡನೆಯ ಬಾರಿ ಉಡುಪು ತೊಡಿಸಿದವರು ಕೇಟರ್‌ಹ್ಯಾಮ್ ಸಂಸ್ಥೆಯವರು. ತಾವು ಸೆವೆನ್ ಕಟ್ಟಲು ತೊಡಗಿ 21 ವರ್ಷ ತುಂಬಿದುದರ ನೆನಪಿಗೆ 1994ರಲ್ಲಿ ಬರ್ಮಿಂಗ್‌ಹ್ಯಾಮ್ ಪ್ರದರ್ಶನದಲ್ಲಿ ‘ಕೇಟರ್‌ಹ್ಯಾಮ್ 21’ ಎಂಬ ಬಂಡಿಯನ್ನು ಇಟ್ಟರು. ಇಯಾನ್ ರಾಬರ್ಟ್‌ಸನ್ ರಚಿಸಿದ ಅದರ ಮೈ ಥಳಥಳಿಸುವ ಅಲ್ಯುಮಿನಿಯಂ; ಕಂಡವರೆಲ್ಲ ಹೊಗಳಿದರು. ಒಳಗಿದ್ದುದು ಸೆವೆನ್‌ನ ಅಸ್ಥಿಯೇ. ಮರುವರ್ಷ ಲೋಟಸ್ ಸಂಸ್ಥೆ ಎಲೀಸ್ ಎಂಬ ಹೊಸ ಕಾರನ್ನು ತೋರಿಸಿತು. ಎರಡಕ್ಕೂ ರೋವರ್ ಸಂಸ್ಥೆಯ ಒಂದೇ ಜಾತಿಯ ಎಂಜಿನು. ಆದರೆ ಎಲೀಸ್‌ನ ಪಂಜರ, ಮೈ, ಆಸನಗಳೆಲ್ಲ ಒಂದನ್ನೊಂದು ಅರಿತು ಹುಟ್ಟಿದವು. 21 ಐವತ್ತನ್ನೂ ಮುಟ್ಟದೆ ನಿಂತುಹೋಯಿತು. ಸೆವೆನ್ ಹುಟ್ಟಿದ ಮನೆಯಿಂದಲೇ ಅದರ ಸೋಲು ಬಂದದ್ದು ವಿಧಿಯ ವಿನೋದ.

“ಹಾಗಾದರೆ ಹೊಸತು ಬೇಡವೇ?” ಎಂದು ಹುಡುಗ ದಾರಿಯಲ್ಲಿ ಕೇಳಿದ. ಅವನ ಪ್ರಶ್ನೆ ನನಗೂ ಸಂಬಂಧಿಸಿದ್ದೇ. ಹಳಗನ್ನಡ ಕಾವ್ಯಗಳನ್ನು ಇಂದಿನ ಮಕ್ಕಳಿಗೆ ಮುಟ್ಟಿಸಬೇಕಾದಾಗ, ಎಷ್ಟು ಬಿಡಿಸಿ ಹೇಳಬೇಕು, ಎಷ್ಟು ಬಿಡಿಸಿದರೆ ಕಾವ್ಯವೇ ಬಿಟ್ಟುಹೋಗುತ್ತದೆ ಎಂಬ ಅಳುಕು ಅಧ್ಯಾಪಕನಿಗೆ ದಿನವೂ ಇದ್ದದ್ದೇ. ನಮ್ಮ ಆಲಂಕಾರಿಕರಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಎತ್ತಿಹಿಡಿದವನು. ಆಭರಣ ಎಷ್ಟು ಚೆಲುವಾದರೂ ಅದು ತೊಟ್ಟ ಅಂಗಕ್ಕೆ ಸಲ್ಲಬೇಕು. ಸೆವೆನ್‌ನಲ್ಲಿ ಉಡುಪು ಬೇರೆ, ಒಡಲು ಬೇರೆ ಎಂಬುದಿಲ್ಲ. ಕಾಣುವ ಆ ಬರಿಮೈಯೇ ಅದರ ಮಾತು. ಅದನ್ನು ಮುಚ್ಚಿದ ಗಳಿಗೆಯಲ್ಲಿ ಅದು ನೂರು ಕಾರುಗಳ ಸಂತೆಯಲ್ಲಿ ಒಂದಾಗುತ್ತದೆ. ಆ ಸಂತೆಯಲ್ಲಿ ಬೇರೆಯವರು ಬಲವಂತರು. ಕೇಟರ್‌ಹ್ಯಾಮ್ ಸಂಸ್ಥೆಯವರು 2023ರಲ್ಲಿ ವಿದ್ಯುತ್ತಿನ ಹೊಸ ಮುಚ್ಚುಕಾರೊಂದರ ಮಾದರಿಯನ್ನು ತೋರಿಸಿದಾಗ ಅದಕ್ಕೆ ಬೇರೆಯೇ ಪಂಜರ ಕೊಟ್ಟರು. ಸೆವೆನ್‌ನ ಮೈಯನ್ನು ಮುಟ್ಟಲಿಲ್ಲ.

ಆದರೆ ಹೊಸತು ಬೇಡವೆಂದು ನಾನು ಹೇಳಲಿಲ್ಲ, ಹುಡುಗನೂ ಕೈಬಿಡಲಿಲ್ಲ. ಕಾವೆಂಟ್ರಿಗೆ ಹಿಂದಿರುಗಿದವನೇ ಅವನು ಮಾದರಿಯ ಮುಂಗಾಲಿಗಳ ಮೇಲಿದ್ದ ಜೇಡಿಯನ್ನು ಕೆರೆದು ತೆಗೆದ. ಗಾಲಿಗಳನ್ನು ಹಿಡಿದ ತೋಳುಗಳಿಗೆ ಗಾಳಿ ಜಾರುವ ಆಕಾರ ಕೊಟ್ಟ. ಬಂಡಿಯ ಅಡಿಯನ್ನು ಸಮತಟ್ಟು ಮಾಡಿದ. ಮೂಗನ್ನೂ ದೀಪಗಳನ್ನೂ ಹೊಸದಾಗಿ ತಿದ್ದಿದ. ಪಕ್ಕದ ತಗಡುಗಳು ಮಾತ್ರ ಒಂದೇ ದಿಕ್ಕಿಗೆ ಬಾಗಿದವಾಗಿಯೇ ಉಳಿದವು, ಮನೆಯ ಷೆಡ್ಡಿನಲ್ಲಿ ಸಾಮಾನ್ಯನೊಬ್ಬ ಸ್ಪ್ಯಾನರು ಹಿಡಿದು ಜೋಡಿಸುವಂತೆ. ನಾನು ಹೊರಡುವ ದಿನ ಅವನು ಕೆರೆದ ಜೇಡಿಯನ್ನೆಲ್ಲ ಒಂದು ತಟ್ಟೆಗೆ ಹಾಕಿ ತೂಗುತ್ತಿದ್ದ. ಸೇರಿಸಿದ್ದಕ್ಕಿಂತ ತೆಗೆದದ್ದು ಹೆಚ್ಚಾಗಿತ್ತು. ಅವನ ಮುಖದಲ್ಲಿ ಗೆಲುವು ಕಂಡಿತು.